ಮಾವಾರ ತಾಟಿನ ಅಂಚು

ನಮ್ಮ ಮಾವಾರಂಥಾ ಅಹಿಂಸಾವಾದಿ ಮನುಷ್ಯಾ ಇಡೀ ಕುಷ್ಟಗ್ಯಾಗ ಹುಡುಕಿದ್ರೂ ಸಿಗೂದಿಲ್ಲ ಬಿಡ್ರಿ! ಇರುವಿ ಕೊಲ್ಲದವ್ರು, ಕೋಳಿ ತಿನ್ನದವ್ರು ಭಾಳ ಮಂದಿ ಅದಾರ. ನಮ್ಮ ಮಾವಾರು ಎಪ್ಪತ್ತು ದಾಟಿದ್ರೂ ಇನ್ನೂತನಕ ಒಂದು ಬದನಿಕಾಯಿಗೆ ಸೈತ ನೋವು ಮಾಡಿಲ್ಲ. ಹಿರೇಕಾಯಿ, ಚವಳಿಕಾಯಿ, ಮೆಂತೆಪಲ್ಯ, ಪುಂಡಿಪಲ್ಯ ಎಲ್ಲಾ ಅವರ ಮುಂದ ಆರಾಮ ಕುಂದರಬಹುದು. ಯಾವುದಕ್ಕೂ ಅವರಿಂದ ಜೀವಭಯ ಇಲ್ಲ.

ಹಂಗಾದ್ರ ಏನು ತಿಂತಾರ? ಬೆಲ್ಲ ತಿಂತಾರ. ಪ್ಯಾಟ್ಯಾಗ ಅವರದು ಬೆಲ್ಲದ ಅಂಗಡಿ. ರೊಟ್ಟಿ ಮ್ಯಾಲ ತುಪ್ಪ, ತುಪ್ಪದ ಮ್ಯಾಲ ಬೆಲ್ಲ, ಬಾಜೂಕ ಶೇಂಗಾ ಹಿಂಡಿ, ಗಟ್ಟಿ ಮೊಸರು. ಸಂಜಿಕೆ ಬಸ್‌ಸ್ಟ್ಯಾಂಡ್ ಮುಂದ ಬಿಸಿ ಮಿರ್ಚಿ. ಮೆಣಸಿನಕಾಯಿನೂ ಕಾಯಿಪಲ್ಲೆ ಅಲ್ಲೇನು ಅಂತ ನನ್ನ ಗಂಡ ಒಮ್ಮೆ ಕೇಳಿದ್ದಕ್ಕ, ಎಣ್ಣ್ಯಾಗ ಬಿದ್ದಮ್ಯಾಲ ಅದರ ಪಾಪ ಕಳೀತು ಅಂದ್ರಂತ. ಇಷ್ಟು ಬೆಲ್ಲ ತಿಂದು ಸಕ್ರಿ ಬ್ಯಾನಿನಾದ್ರೂ ಬಂದೈತೇನು ಅಂದ್ರ ಅದೂ ಇಲ್ಲ.

ನೀವು ನಗ್ತೀರಿ. ನಗ್ರಿ. ಆ ಮನ್ಯಾಗ ಎರಡು ಹೊತ್ತು ಅಡಗಿ ಮಾಡಾಕಿ ನಾನು, ನೀವಲ್ಲಲ್ಲ.

ನನ್ನ ತವರು ಗಂಗಾವತಿ, ಕಾಲುವಿ ಸೀಮಿ. ನಮ್ಮ ಕಡೆ ಅನ್ನದಷ್ಟ ಪಲ್ಯ ಉಣ್ಣೂದು ರೂಢಿ. ಲಗ್ನ ಆಗಿ ಬಂದ ಹೊಸದಾಗ ನಾ ಹುರುಪಿಲೆ ಬದನಿಕಾಯಿ ಪಲ್ಯ ಮಾಡಿದೆ. ಅತ್ತಿಯವ್ರು ಒಂದು ಚಮಚಾ ತಗೊಂಡು ಮಾವಾರ ತಾಟಿನ ಅಂಚಿಗೆ ನೀಡಿದ್ರು. ಮಾವಾರು ಅದನ್ನ ಕಿರುಬೆರಳಿಲೆ ಇನ್ನಷ್ಟು ಅಂಚಿಗೆ ತಳ್ಳಿ, ರೊಟ್ಟಿ ಬೆಲ್ಲ ಉಂಡು ಎದ್ರು. ಆಮ್ಯಾಲ ಅದೇ ತಾಟಿನ್ಯಾಗ ಅತ್ತಿ ಉಣ್ಣಾಕ ಕುಂತ್ರು. ಗಂಡ ಉಂಡ ತಾಟಿನ್ಯಾಗ ಹೇಣ್ತಿ ಉಣ್ಣೂದು ಅವರ ಕಾಲದ ಪದ್ಧತಿ. ಅಂಚಿನ ಪಲ್ಯಾನ ಮೊದಲ ತಿಂದ್ರು. ತಿನ್ನೂದಿಲ್ಲ ಅಂತ ಗೊತ್ತಿದ್ದೂ ಯಾಕ ನೀಡ್ತೀರ್ರಿ ಅಂತ ಕೇಳಿದೆ. ಪಲ್ಯ ಇಲ್ಲದ ತಾಟು ಗಂಡಸಿನ ಮುಂದ ಇಡಬಾರದವಾ ಅಂದ್ರು. ತಾಟಿನ ಅಂಚು ಬೆರಳಿಲೆ ಒರಸಕೋತ, "ಒಂದ್ ದಿನ ಮರತ್ ತಿಂದಾರು" ಅಂದ್ರು.

ಈ ಮನ್ಯಾಗ ಇನ್ನೊಂದು ಪದ್ಧತಿ ಐತಿ. ಸೊಸಿ ಆದಾಕಿ ಮಾವನ ಜೋಡಿ ಮಾತಾಡಬಾರದು. ಮಾವನೂ ಸೊಸಿಗೆ ನೇರ ಮಾತಾಡಂಗಿಲ್ಲ. ಅತ್ತಿ ಇರೂತನಕ ನಡುವ ಅವರಿದ್ರು, ನಡೀತು. ನನ್ನ ಮಗಳು ಚಿನ್ನಿ ಇನ್ನೂ ಅಂಬೆಗಾಲಿಡತಿದ್ದಾಗ ಅತ್ತಿ ತೀರಿಕೊಂಡ್ರು. ನನ್ನ ಗಂಡನ ನೌಕರಿ ಯಲಬುರ್ಗಾದಾಗ. ಮುಂಜಾನೆ ಹೋದ್ರ ದೀಪ ಹಚ್ಚೂಹೊತ್ತಿಗೆ ಬರ್ತಾರ. ಹಗಲೆಲ್ಲಾ ಮನ್ಯಾಗ ನಾನು, ಅಂಗಡಿಲಿಂದ ಊಟಕ್ಕ ಬರೂ ಮಾವಾರು, ನಡುವ ಗ್ವಾಡಿ. ಹಿಂಗಾಗಿ ಚಿನ್ನಿಗೆ ಮಾತು ಬರೂದ ತಡ, ಪೋಸ್ಟ್‌ಮನ್ ನೌಕರಿ ಸಿಕ್ತು! "ಚಿನ್ನಿ, ಅಜ್ಜಾರಿಗೆ ಊಟಕ್ಕ ಏಳ್ರಿ ಅನ್ನು" ಅಂತ ನಾ ಅಡಗಿ ಮನ್ಯಾಗಿಂದ ಅಂದ್ರ, ಆ ಕೂಸು ಬಾಯಿ ತೆಗೆಯೂದ್ರಾಗ ಅವರು ಎದ್ದು ಕೈ ತೊಳಕೊಂಡಿರ್ತಿದ್ರು. "ಯವ್ವಾ, ನಿಮ್ಮವ್ವಗ ಮೊಸರು ಹುಳಿ ಆಗೈತಿ ಅಂತ ಹೇಳು" ಅಂತ ಅವರು ಅಂದ್ರ ನನಗ ಅಲ್ಲೇ ಮೈ ಉರೀತಿತ್ತು. ಎಲ್ಲಾ ಕೇಳಸ್ತಿತ್ತು. ಕೇಳಿಸಿಲ್ಲ ಅಂತ ಇಬ್ಬರೂ ನಟನಾ ಮಾಡೂದು.

ಚಿನ್ನಿ ಉಣ್ಣೂದು ಅಜ್ಜನ ತೊಡಿ ಮ್ಯಾಲ, ಅಜ್ಜನ ತಾಟಿನ್ಯಾಗ. ಒಂದಿನ ನೋಡ್ತೀನಿ, ಅಂಚಿನ ಮೆಂತೆಪಲ್ಯಾನ ಆಕಿ ತನ್ನ ಕಿರುಬೆರಳಿಲೆ ಆಚೆ ತಳ್ಳಾಕತ್ತಾಳ. ಥೇಟ್ ಅಜ್ಜ. ತಳ್ಳಿ ಆದಮ್ಯಾಲ ಅಜ್ಜನ ಧೋತರಕ್ಕ ಬೆರಳು ಒರಸೂದೂ ಅದೇ ಪ್ರಕಾರ. ಬಂದವ್ರು ಹೋದವ್ರು ನೋಡಿ ನಕ್ಕಿದ್ದೇ ನಕ್ಕಿದ್ದು. ನನಗ ನಗಿ ಬರಲಿಲ್ಲ. ಅವತ್ತಿನಿಂದ ಆಕಿ ಹಸರು ಕಂಡಿದ್ದು ಏನೂ ಬಾಯಾಗ ಇಡಲಿಲ್ಲ. "ಅಜ್ಜ ಒಲ್ಲ, ನಾನೂ ಒಲ್ಲೆ."

ನಾನೂ ಕಳ್ಳತನಕ್ಕಿಳದೆ. ಗಜ್ಜರಿ ಹೆರದು ಚಪಾತಿ ಹಿಟ್ಟಿನ್ಯಾಗ ಕಲಿಸಿದೆ. ಪಾಲಕ್ ರುಬ್ಬಿ ದ್ವಾಸಿ ಮಾಡಿದೆ. ಆದ್ರ ಮಾವಾರು ಜೀವಮಾನ ಎಲ್ಲಾ ಬೆಲ್ಲದ ಪೆಂಟಿ ಒಡದು, ಮೂಸಿ, ಕಲಬೆರಕಿ ಹಿಡದವ್ರು. ಚಪಾತಿ ಮುರದ್ರು, ಬೆಳಕಿಗೆ ಹಿಡದ್ರು, ಮೂಸಿದ್ರು. "ಇದರಾಗ ಏನೋ ಐತವ್ವಾ" ಅಂತ ಚಿನ್ನಿಗೆ ಅಂದ್ರು. ಮುಗೀತು. ಮಗಳೂ ಅಂದಿನಿಂದ ಬರೇ ಬಿಳಿ ಅನ್ನಾನೂ ಮೂಸಿ ನೋಡಿ "ಏನೋ ಐತಿ" ಅನ್ನಾಕ ಸುರು ಮಾಡಿದ್ಲು.

ಮೆಟ್ಟಲ ಹತ್ತಿದ್ರ ಹುಡುಗಿಗೆ ತೇಕು ಬರಾಕತ್ತು. ಆಡೂದು ಬಿಟ್ಟು ಗ್ವಾಡಿಗೆ ಆತು ಕುಂದರತಿದ್ಲು. ಕೊಪ್ಪಳಕ್ಕ ಕರಕೊಂಡು ಹೋದ್ವಿ, ಮಾವಾರೂ ಬಂದ್ರು. ಡಾಕ್ಟ್ರು ಕಣ್ಣಿನ ರೆಪ್ಪಿ ಎಳದು ನೋಡಿ, ರಕ್ತ ತಪಾಸಣಿ ಮಾಡಿಸಿ, ರಕ್ತ ಭಾಳ ಕಮ್ಮಿ ಐತಿ, ಹಿಂಗ ಬಿಟ್ರ ಕೆಲಸ ಕೆಡ್ತೈತಿ ಅಂದ್ರು. ಔಷಧ ಬರದು ನನ್ನ ಕಡೆ ಹೊಳ್ಳಿ, ಸೊಪ್ಪು ಕಾಯಿಪಲ್ಲೆ ತಿನಸೂದಿಲ್ಲೇನಮ್ಮಾ ನೀನು ಅಂತ ಕೇಳಿದ್ರು. ನೀನು! ನಾ ಮಾವಾರ ಕಡೆ ನೋಡಿದೆ. ಅವರು ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ಭಾಳ ಆಸಕ್ತಿಯಿಂದ ನೋಡಾಕತ್ತಿದ್ರು. ಫೋನಿನ್ಯಾಗ ನಾದಿನಿ, ನಮ್ಮ ಹುಡುಗ್ರು ಎಲ್ಲಾ ತಿಂತಾವ ನೋಡು ಅಂದ್ಲು. ಗಂಡ, ನೀ ಸ್ವಲ್ಪ ಪ್ರೀತಿಲೆ ತಿನಸು ಅಂದ್ರು. ಪ್ರೀತಿ ಒಂದು ಕಮ್ಮಿ ಆಗಿತ್ತು ನನ್ನ ಹತ್ರ.

ಮಾವಾರು ಏನು ಮಾಡಿದ್ರು ಅಂತೀರಿ? ಹುಲಿಗೆಮ್ಮಗ ಹರಕಿ ಹೊತ್ತರು. ಹುಡುಗಿ ಚೇತರಿಸಿಕೊಂಡ್ರ ಆಕಿ ತೂಕದ ಬೆಲ್ಲ ಕೊಡ್ತಾರಂತ. ಒಂದು ತುತ್ತು ಪಲ್ಯ ತಿಂದು ತೋರಸ್ರಿ ಅಂದ್ರ ಆಗೂದಿಲ್ಲ, ತಕ್ಕಡಿ ತುಂಬ ಬೆಲ್ಲ ಕೊಡಾಕ ಆಗತೈತಿ. ಹುಡುಗಿ ಹಗುರ ಆದಷ್ಟೂ ಬೆಲ್ಲ ಉಳೀತೈತಿ ಅಂತ ನನಗ ಅನಿಸಿತು. ಅಷ್ಟು ಕೆಟ್ಟು ಹೋಗಿತ್ತು ನನ್ನ ಮನಸ್ಸು.

ಮೊನ್ನೆ ಸ್ವಾಮಾರ ಹಾಗಲಕಾಯಿ ಪಲ್ಯ ಮಾಡಿದ್ದೆ, ನನಗಷ್ಟ. ಅತ್ತಿ ಕಲಿಸಿದ್ದು ಅದು. ಹುಣಸಿಹುಳಿ, ಗುರೆಳ್ಳು ಪುಡಿ, ಕಡೀಕ ಚೂರು ಬೆಲ್ಲ. ಪದ್ಧತಿ ಬಿಡಬಾರದಂತ ಮಾವಾರ ತಾಟಿನ ಅಂಚಿಗೂ ಒಂದು ಚಮಚಾ ಇಟ್ಟೆ. ಅಜ್ಜನ ತಾಟು ನೋಡಿ ಚಿನ್ನಿ ಬಾಗಲದಿಂದ ಎದ್ದು ಬಂದ್ಲು. ಎರಡು ಹೆಜ್ಜಿ ಬರೂದ್ರಾಗ ತೇಕು ಹತ್ತಿ ನಡುವ ಕುಂತುಬಿಟ್ಲು. ಮಾವಾರು ಎತ್ತಿ ತೊಡಿ ಮ್ಯಾಲ ಕುಂದರಿಸಿಕೊಂಡ್ರು. ಅಜ್ಜ ಮೊಮ್ಮಗಳು ಇಬ್ಬರೂ ಕಿರುಬೆರಳು ಮುಂದ ಮಾಡಿದ್ರು.

ನನ್ನ ತಲಿ ಕೆಟ್ಟಹೋತು. ಸೌಟು ಕೈಯಾಗ ಹಂಗ ಇತ್ತು. "ಚಿನ್ನಿ, ನಿಮ್ಮಜ್ಜಾರಿಗೆ ಹೇಳು. ನಿನ್ನ ಮೈಯಾಗಿನ ರಕ್ತ ಅವರ ತಾಟಿನ ಅಂಚಿನ್ಯಾಗ ಕುಂತೈತಿ ಅಂತ ಹೇಳು."

ಚಿನ್ನಿ ಹೇಳಲಿಲ್ಲ. ನನ್ನ ಮಖಾ ನೋಡಿ ಅಳಾಕತ್ತಿದ್ಲು. ಮಾವಾರ ಬೆರಳು ಅಲ್ಲೇ ನಿಂತಿತು. ಎದ್ದು ಹೋಗ್ತಾರ, ಗಂಡಗ ಫೋನ್ ಹಚ್ತಾರ ಅಂತ ತಿಳದು ನಾ ಕಂಬದ ಹಾಂಗ ನಿಂತೆ. ಅವರು ರೊಟ್ಟಿ ಮುರದ್ರು. ಅಂಚಿನ ಪಲ್ಯಕ್ಕ ಹಚ್ಚಿದ್ರು. ಕಣ್ಣು ಮುಚ್ಚಿ ಬಾಯಾಗ ಇಟಗೊಂಡ್ರು.

ಅಗದ್ರು, ಅಗದ್ರು, ನುಂಗವಲ್ರು. ಗಂಟಲದಾಗಿನ ಗಂಟು ಮ್ಯಾಲ ಕೆಳಗ ಓಡ್ಯಾಡ್ತು. ಕಣ್ಣಾಗ ನೀರು ಬಂತು. ಚಿನ್ನಿ ಅಳೂದು ನಿಲ್ಲಿಸಿ ಅಜ್ಜನ ಬಾಯಿನ ನೋಡಾಕತ್ಲು. ಕಡೀಕೊಮ್ಮೆ ನುಂಗಿದ್ರು. ಎರಡನೇ ತುತ್ತು ಮುರದಾಗ ಆಕಿ ತಾನಾಗೇ ಬಾಯಿ ತೆಗದ್ಲು. ಮಖಾ ಹಿಂಡಿದ್ಲು, ಅರ್ಧ ಉಗಳಿದ್ಲು, ಅಜ್ಜ ಅಗಿಯೂದು ನೋಡಿ ಉಳಿದರ್ಧ ನುಂಗಿದ್ಲು.

ನಾ ಸೆರಗು ಬಾಯಿಗೆ ಒತ್ತಿ ಹಿಡಕೊಂಡೆ. ಮಾವಾರು ತಾಟು ನೋಡಕೋತ ಸಣ್ಣ ದನಿಲೆ ಕೇಳಿದ್ರು, "ಆಕಿ ಇದನ್ನ ಹಿಂಗ ಮಾಡ್ತಿದ್ಲೇನು?"

ರೂಢಿ ನೋಡ್ರಿ, ಚಿನ್ನಿ ಕಡೆ ನೋಡಿದೆ. ಅವರು ತಲಿ ಎತ್ತಿದ್ರು. ಈ ಮನಿಗೆ ಬಂದಮ್ಯಾಲ ನನ್ನ ಮಖಾ ನೋಡಿದ್ದು ಅವತ್ತೇ ಮೊದಲು.

"ನಿನಗ ಕೇಳಾಕತ್ತೀನಿ, ತಾಯಿ."

"ಹೌದ್ರಿ ಮಾವಾರ. ಅತ್ತಿಯವ್ರ ಕಲಿಸಿದ್ದು."

"ದಿನಾ ನೀಡ್ತಿದ್ಲು. ಒಂದ್ ದಿನಾನೂ ಬಾಯಾಗ ಇಟ್ಟು ನೋಡಲಿಲ್ಲ ನಾ." ಕಣ್ಣಿನ ನೀರು ಒರಸಲಿಲ್ಲ, ಹಾಗಲಕಾಯಿಗೆ ಬಂದಿದ್ದು ಅಂತ ಸುಳ್ಳೂ ಹೇಳಲಿಲ್ಲ. ತಾಟು ನನ್ನ ಕಡೆ ಸರಿಸಿ, "ಇನ್ನೊಂದೀಟು ನೀಡು" ಅಂದ್ರು.

ನೀಡಿದೆ. ಅಂಚಿಗಲ್ಲ, ತಾಟಿನ ನಡುವ ನೀಡಿದೆ.