ನರಿಗೆ ನಾನು ಮಾಡಿದ ರಿಪೇರಿ

ಬಾಟಲಿ ಕಾರ್ಖಾನೆಯಲ್ಲಿ ಒಡಕು ಹುಡುಕುವುದು ನನ್ನ ಕೆಲಸ. ಬೆಳಕಿನ ಮುಂದೆ ಸಾಲಾಗಿ ಬರುವ ಬಾಟಲಿಗಳಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಎತ್ತಿ ಪಕ್ಕಕ್ಕಿಡುತ್ತೇನೆ. ಇಂಥ ಕಣ್ಣನ್ನು ಸಂಜೆ ಗೇಟಿನ ಬಳಿ ಕಳಚಿಟ್ಟು ಬರಲು ಸಾಧ್ಯವೇ? ಅದೂ ಮನೆಗೆ ಬರುತ್ತದೆ. ಬಂದು ಒಗೆದ ಅಂಗಿಯ ಕಾಲರು, ಒರೆಸಿದ ನೆಲದ ಮೂಲೆ, ತೊಳೆದ ತಟ್ಟೆಯ ಅಂಚು ಎಲ್ಲವನ್ನೂ ತಪಾಸಣೆ ಮಾಡುತ್ತದೆ. ಇದು ಸಂಸಾರಕ್ಕೆ ನಾನು ಸಲ್ಲಿಸುವ ಸೇವೆ ಎಂದುಕೊಂಡಿದ್ದೆ. ನನ್ನ ಹೆಂಡತಿ ಇದಕ್ಕೆ ಬೇರೆ ಹೆಸರಿಟ್ಟಿದ್ದಾಳೆ. (ಅದು ಅಚ್ಚಿಗೆ ಯೋಗ್ಯವಲ್ಲ.)

ಈಚೆಗೆ ಅವಳು ಗ್ರಂಥಾಲಯದ ಮಹಡಿಯ ಮೇಲೆ ದೊಡ್ಡವರಿಗಾಗಿ ನಡೆಯುವ ಕಂಪ್ಯೂಟರ್ ತರಗತಿಗೆ ಸೇರಿದಳು. ಅಲ್ಲಿ ಬರೆಯುವ ಗೋಜಿಲ್ಲ. ನಡೆ, ತಿರುಗು, ನಿಲ್ಲು ಎಂದು ಅಪ್ಪಣೆ ಬರೆದಿರುವ ಬಣ್ಣದ ತುಂಡುಗಳನ್ನು ಒಂದರ ಕೆಳಗೊಂದು ಸಿಕ್ಕಿಸಿದರೆ ಆಟ ತಯಾರು. ಅವಳ ಆಟದಲ್ಲಿ ಕೋಳಿಯೊಂದು ಮೊಟ್ಟೆ ಆರಿಸುತ್ತದೆ, ನರಿ ಅಟ್ಟಿಸಿಕೊಂಡು ಬರುತ್ತದೆ. ಕೋಳಿಗೆ ಮೂರು ಜೀವ. ನರಿ ಮುಟ್ಟಿದರೆ ಒಂದು ಹೋಗಬೇಕು. ಆದರೆ ಒಮ್ಮೆ ಮುಟ್ಟುತ್ತಲೇ ಮೂರೂ ಹೋಗಿ ಆಟವೇ ಮುಗಿಯುತ್ತಿತ್ತು.

"ಎಲ್ಲಿ ಕೊಡು, ನಾನು ನೋಡ್ತೀನಿ" ಎಂದೆ.

"ಬೇಡ. ನನ್ನ ಕೋಳಿ, ನಾನೇ ನೋಡ್ಕೋತೀನಿ."

"ತಪ್ಪು ಹುಡುಕೋದು ನನ್ನ ಕಸುಬು ಕಣೇ."

"ಗೊತ್ತು. ಅದಕ್ಕೇ ಬೇಡ ಅಂದಿದ್ದು."

ಮರುದಿನ ತರಗತಿಯಲ್ಲಿ ಪ್ರದರ್ಶನ, ಮನೆಯವರಿಗೂ ಆಹ್ವಾನ. ಅವಳು ಬಟ್ಟೆಗೆ ಇಸ್ತ್ರಿ ಹಾಕಲು ಒಳಗೆ ಹೋದದ್ದೇ ತಡ, ನಾನು ಲ್ಯಾಪ್‌ಟಾಪಿನ ಮುಂದೆ ಕುಳಿತೆ. ನರಿಯ ತುಂಡುಗಳಲ್ಲಿ 'ಕೋಳಿಯನ್ನು ಮುಟ್ಟಿದರೆ ಒಂದು ಜೀವ ಕಳೆ' ಎಂಬುದು ಸರಿಯಾಗಿಯೇ ಇತ್ತು. ಅದನ್ನು ಸುತ್ತುವರಿದು 'ಎಂದೆಂದಿಗೂ' ಎಂಬ ಇನ್ನೊಂದು ತುಂಡು ಕುಳಿತಿತ್ತು. ಆಟಕ್ಕೆ ಎಂದೆಂದಿಗೂ ಎಂಬುದೇಕೆ? ಮದುವೆಯೇ? ಕಿತ್ತು ಹಾಕಿದೆ. ಆಡಿಸಿ ನೋಡಿದೆ. ನರಿ ಮುಟ್ಟಿತು, ಜೀವ ಮೂರೂ ಉಳಿದಿದ್ದವು. ಈ ಮಹತ್ಕಾರ್ಯವನ್ನು ಯಾರಿಗೂ ಹೇಳದೆ ಸೇವ್ ಮಾಡಿ, ಎದ್ದು ಬಂದೆ.

ಮಹಡಿಯ ಮೇಲೆ ದೊಡ್ಡ ಪರದೆ. ನನ್ನ ಹೆಂಡತಿ ಆಟ ಶುರು ಮಾಡಿದಳು. ನರಿ ಬಂತು, ಕೋಳಿಯನ್ನು ಮುಟ್ಟಿತು. ಏನೂ ಆಗಲಿಲ್ಲ. ಮತ್ತೆ ಮುಟ್ಟಿತು. ಕೊನೆಗೆ ಕೋಳಿ ನರಿಯ ನೆತ್ತಿಯ ಮೇಲೇ ನಿಂತುಕೊಂಡು ಮೊಟ್ಟೆ ಆರಿಸತೊಡಗಿತು.

"ನರಿಗೆ ಹಲ್ಲಿಲ್ಲ ಅಂತ ಕಾಣುತ್ತೆ" ಎಂದರು ಮುಂದಿನ ಸಾಲಿನಲ್ಲಿದ್ದ ದರ್ಜಿಯೊಬ್ಬರು. ಎಲ್ಲರೂ ನಕ್ಕರು. ಅಭ್ಯಾಸಬಲದಿಂದ ನಾನೂ ನಕ್ಕೆ.

ಅವಳು ನಗಲಿಲ್ಲ. ನರಿಯ ತುಂಡುಗಳನ್ನು ಬಿಚ್ಚಿ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು. "ಎಂದೆಂದಿಗೂ ಅನ್ನೋದು ಇಲ್ದಿದ್ರೆ ನರಿ ಶುರುವಿನಲ್ಲಿ ಒಂದ್ಸಲ ನೋಡಿ ಸುಮ್ಮನಾಗುತ್ತೆ" ಎನ್ನುತ್ತ ಆ ತುಂಡನ್ನು ಮತ್ತೆ ತಂದು ಸಿಕ್ಕಿಸಿದಳು. ಜೀವ ಕಳೆಯುವ ಅಪ್ಪಣೆಯ ಕೆಳಗೆ 'ಒಂದು ಕ್ಷಣ ಸುಮ್ಮನಿರು' ಎಂಬ ಹೊಸ ತುಂಡೊಂದನ್ನು ಸೇರಿಸಿದಳು. ಈಗ ನರಿ ಮುಟ್ಟಿತು, ಒಂದೇ ಜೀವ ಹೋಯಿತು, ಕೋಳಿ ಓಡಿತು.

"ಇಷ್ಟು ಬೇಗ ಹೇಗೆ ಹೊಳೀತು ನಿಮಗೆ?" ಎಂದು ಟೀಚರು ಕೇಳಿದರು.

"ಒಂದ್ಸಲ ಮುಟ್ಟಿದ್ದನ್ನೇ ಬಿಡದೆ ಲೆಕ್ಕ ಹಾಕ್ತಾ ಇತ್ತು ಮೇಡಂ. ನನಗೇನೂ ಹೊಸದಲ್ಲ. ನಮ್ಮನೇಲಿ ಒಂದು ಲೋಟ ಒಡೆದ್ರೆ ಅದು ವರ್ಷವಿಡೀ ಒಡೀತಾನೇ ಇರುತ್ತೆ."

ಈ ಸಲ ನಗು ಜೋರಾಗಿತ್ತು. ದರ್ಜಿ ತಿರುಗಿ ನನ್ನನ್ನೇ ನೋಡಿದರು. ನಾನು ಮೇಲಿನ ಫ್ಯಾನನ್ನು ನೋಡಿದೆ. ಅದಕ್ಕೆ ಧೂಳು ಹಿಡಿದಿತ್ತು. ಹೇಳಲು ಧೈರ್ಯ ಬರಲಿಲ್ಲ.

ಹೊಸಬರ ತಂಡವನ್ನು ನೀವೇ ನಡೆಸಿಕೊಡಿ ಎಂದು ಟೀಚರು ಅಲ್ಲೇ ಅವಳನ್ನು ಕೇಳಿದರು. ಒಪ್ಪಿಕೊಂಡಳು. ನನ್ನನ್ನು ಒಂದು ಮಾತು ಕೇಳಲಿಲ್ಲ. ಅಂದಿನಿಂದ ಸಂಜೆ ನಾನು ಬರುವ ಹೊತ್ತಿಗೆ ಮನೆಗೆ ಬೀಗ. ಒಳಗೆ ಹೋಗಿ ಕಾಲರು, ಮೂಲೆ, ತಟ್ಟೆ ಎಲ್ಲದರಲ್ಲೂ ತಪ್ಪು ಹುಡುಕಬಹುದು. ಹೇಳಲು ಮಾತ್ರ ಯಾರೂ ಇಲ್ಲ.

ಒಂದು ವಾರ ತಡೆದುಕೊಂಡು, ಮಾನ ಬಿಟ್ಟು, ಮಹಡಿ ಹತ್ತಿದೆ. ಅವಳು ಬಾಗಿಲ ಬಳಿಯ ಮೇಜಿನಲ್ಲಿ ಹೊಸಬರ ಹೆಸರು ಬರೆದುಕೊಳ್ಳುತ್ತಿದ್ದಳು.

"ನಾನೂ ಕಲೀತೀನಿ" ಎಂದೆ. "ಹಿಂದೆ ಸುಮ್ನೆ ಕೂತಿರ್ತೀನಿ."

ಅವಳು ತಲೆಯೆತ್ತಲಿಲ್ಲ.

"ಜಾಗ ಇಲ್ಲ" ಎಂದಳು.

ಅವಳ ಹಿಂದೆ, ಕಿಟಕಿಯವರೆಗೂ, ಕುರ್ಚಿಗಳು ಖಾಲಿ ಬಿದ್ದಿದ್ದವು.