ನಮ್ಮ ಭಾವನ ತೂಗುಗುಂಡು

ನಮ್ಮ ಅಕ್ಕನ ಗಂಡನಿಗೆ ಲೋಕವೇ ಸೊಟ್ಟಗೆ ಕಾಣುತ್ತದೆ. ಕಣ್ಣಿನ ದೋಷವಲ್ಲ; ಜೇಬಿನಲ್ಲಿರುವ ತೂಗುಗುಂಡಿನ ದೋಷ! ಗೋಡೆ ನೆಟ್ಟಗಿದೆಯೇ ಎಂದು ನೋಡಲು ಗಾರೆಯವರು ದಾರಕ್ಕೆ ಕಟ್ಟಿ ಇಳಿಬಿಡುವ ಆ ಗುಂಡನ್ನು ಮದುವೆಮನೆಗೂ ತರುವ ಮನುಷ್ಯ ಆಲೂರು ತಾಲ್ಲೂಕಿನಲ್ಲಿ ಇನ್ನೊಬ್ಬನಿದ್ದರೆ ತೋರಿಸಿ. ಸಕಲೇಶಪುರದಲ್ಲಿ ನನ್ನ ಮಗಳ ಧಾರೆಯ ಹೊತ್ತಿಗೆ ಮಂಟಪದ ಕಂಬಕ್ಕೆ ದಾರ ಇಳಿಬಿಟ್ಟು, “ಬೆರಳಗಲ ವಾಲೈತೆ, ಗಟ್ಟಿಮೇಳ ನಿಲ್ಸಿ!” ಎಂದವರು ಇವರೇ. ಬೀಗರು ಇಂದಿಗೂ ನನ್ನೊಡನೆ ನೆಟ್ಟಗೆ ಮಾತನಾಡುವುದಿಲ್ಲ.

ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಭಾವನಿಗೆ ಈ ಗೀಳು ಅಂಟಿದ್ದು ನಮ್ಮ ಹಿರಿಯ ಜನನಾಯಕರೊಬ್ಬರಿಂದ. ಅಧಿಕಾರ ಬಿಟ್ಟ ಮೇಲೂ ಆ ಮಹನೀಯರು ಪಂಚೆ ಎತ್ತಿ ಕಟ್ಟಿ, ಸೂರಿಲ್ಲದವರ ಮನೆಗಳಿಗೆ ತಾವೇ ಇಟ್ಟಿಗೆ ಇಡುತ್ತಿದ್ದರು. ಭಾವ ಅವರ ಬೆನ್ನ ಹಿಂದೆಯೇ ಗುಂಡು ಹಿಡಿದು ನಿಂತು ಗದರುತ್ತಿದ್ದರು: “ಸಾಹೇಬ್ರೆ, ಮತ್ತೆ ಸೊಟ್ಟ!”

“ಸೊಟ್ಟ ಆದ್ರೂ ಬೀಳಲ್ಲ ಕಣಯ್ಯ,” ಎಂದು ಅವರು ನಗುತ್ತಿದ್ದರು. ಭಾವ ಮಾತ್ರ ಆ ಇಟ್ಟಿಗೆಯನ್ನು ಕಿತ್ತು ನೆಟ್ಟಗೆ ಕೂರಿಸಿದ ಮೇಲೆಯೇ ಉಸಿರು ಬಿಡುತ್ತಿದ್ದುದು.

ನಾಯಕರು ತೀರಿಕೊಂಡರು. ಸ್ಮರಣೆಗೆಂದು ಸಮಿತಿ ಹುಟ್ಟಿತು. ಸಮಿತಿ ಯೋಚಿಸಿದ್ದೇನು? ಮನೆಯೇ? ಅಲ್ಲ, ಕೆ. ಹೊಸಕೋಟೆಯಲ್ಲೊಂದು ಕಮಾನು! ಅದೂ ಪುಣ್ಯತಿಥಿಯನ್ನು ಜಯಂತಿಯೆಂದು ಫ್ಲೆಕ್ಸಿನಲ್ಲಿ ಮುದ್ರಿಸಿ! ನಾನು ಹಳೆಯ ಪತ್ರಿಕೆಗಳನ್ನೂ ಶಾಲಾ ದಾಖಲೆಯನ್ನೂ ತಾಳೆ ನೋಡಿ ತಿದ್ದುಪಡಿ ಒಯ್ದರೆ, ಅಧ್ಯಕ್ಷರು, “ಎರಡಕ್ಕೂ ಹಾರ ಒಂದೇ ಅಲ್ವಾ ಸಾರ್?” ಎಂದರು. ಹುಟ್ಟಿಗೂ ಸಾವಿಗೂ ಭೇದವರಿಯದವರು ಸ್ಮರಿಸುವುದಾದರೂ ಏನನ್ನು?

ಕಮಾನಿನ ಇಟ್ಟಿಗೆರಾಶಿಯ ಎದುರಿಗೇ, ಎಸ್ಟೇಟಿನ ಕೂಲಿಯವರ ಲೈನುಮನೆ ಬಿಡಬೇಕಾಗಿ ಬಂದ ಲಕ್ಕಮ್ಮನ ಮನೆ. ಪಾಯ ತೋಡಿದವರು ಆ ನಾಯಕರೇ. ಅವರ ನಂತರ ಗೋಡೆ ಸೊಂಟದೆತ್ತರಕ್ಕೆ ನಿಂತುಹೋಗಿತ್ತು. ಮಳೆಗಾಲ ಹತ್ತಿರ, ಆಕೆಯ ತಲೆಯ ಮೇಲೆ ಟಾರ್ಪಾಲು.

ಗುದ್ದಲಿ ಪೂಜೆಯ ದಿನ ಅಧ್ಯಕ್ಷರು ಕುಂಕುಮ ಹಚ್ಚಿದ ಗುದ್ದಲಿಯನ್ನು ನೆಲಕ್ಕೆ ಸೋಕಿಸಿ, ಫೋಟೋ ಮುಗಿದೊಡನೆ ಕೆಳಗಿಡಹೋದರು. ಭಾವ ಕೈ ಹಿಡಿದುಬಿಟ್ಟರು.

“ಇಡಂಗಿಲ್ಲ! ಸಾಹೇಬ್ರು ಗುದ್ದಲಿ ಹಿಡುದ್ರೆ ಸಂಜೆಗಂಟ ಬುಡ್ತಿರ್ಲಿಲ್ಲ. ಅಗೀರಿ!”

“ಬಟ್ಟೆ ಹೊಸದು ಮಾರಾಯ!”

“ಹಂಗಾದ್ರೆ ಇಟ್ಟಿಗೆನಾದ್ರೂ ಹೊರ್ರಿ. ಆ ಕಡೀಕೆ, ಲಕ್ಕಮ್ಮನ ಮನೇಗೆ!”

ನೆರೆದವರು ಚಪ್ಪಾಳೆ ತಟ್ಟಿದರು. ಹಾರ ಹಾಕಿಕೊಂಡ ಕೊರಳು ಹಿಂಜರಿಯುವುದು ಹೇಗೆ? ಅಧ್ಯಕ್ಷರು ಹೊತ್ತರು, ಸಮಿತಿ ಹೊತ್ತಿತು, ತಿದ್ದುಪಡಿ ಮಡಚಿ ಜೇಬಿಗಿಟ್ಟು ನಾನೂ ಹೊತ್ತೆ. ಕಮಾನು ರಸ್ತೆ ದಾಟಿ ಮನೆಯಾಗತೊಡಗಿತು. ಇಟ್ಟಿಗೆಯ ಒಂದೊಂದು ವರಸೆಗೂ ಭಾವನ ಗುಂಡು ಇಳಿಯಲೇಬೇಕು.

“ಬಿರ್ರನೆ ಕಟ್ಟಿ ರೈಟ್ರೆ,” ಲಕ್ಕಮ್ಮ ಕೂಗಿದಳು, “ಮೋಡ ನಿಮ್ ಗುಂಡಿಗೆ ಕಾಯಕಿಲ್ಲ!”

ಹೆಂಚು ಹೊದಿಸುವ ಮುನ್ನ, ಬಾಗಿಲ ಮೇಲಿನ ಕೊನೆಯ ಇಟ್ಟಿಗೆಯನ್ನು ಭಾವನೇ ಇಟ್ಟರು. ನಾನು ಕನ್ನಡಕ ಒರೆಸಿ ಮತ್ತೆ ನೋಡಿದೆ. ಸೊಟ್ಟ!

“ಭಾವ, ಇದು ವಾಲಿದೆಯಲ್ಲ!”

ಅವರು ನಿಧಾನವಾಗಿ ಗುಂಡಿಗೆ ದಾರ ಸುತ್ತಿ ಜೇಬಿಗಿಳಿಸಿದರು.

“ಗೊತ್ತೈತೆ ಕಣೋ. ಅದು ಸಾಹೇಬ್ರುದು. ಕೀಳ್ಬೇಡ.”