ನಾಸಿರನ ಗರಿಹುಳ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಕೋಳಿಗರಿ. ಅದೂ ಬೀದಿಕೋಳಿಯದ್ದಲ್ಲ, ರಿಕ್ಷಾ ಓಡಿಸುವ ಮುಂಡಪ್ಪ ಕೋಳಿಅಂಕದ ಕಾಳಗಕ್ಕೆಂದು ಸಾಕಿದ ಕೆಂಪು ಹುಂಜದ ಕುತ್ತಿಗೆಯ ಗರಿ. ಅದು ಬೇಲಿಯ ಹತ್ತಿರ ಬಿದ್ದು ಸಿಕ್ಕಿದಾಗ ಪಾಣೆಮಂಗಳೂರಿನ ಟೈಲರ್ ಅಬ್ದುಲ್ ನಾಸಿರ್ ಅದನ್ನು ಕಿಸೆಗೆ ಹಾಕಿಕೊಂಡದ್ದು ನೋಡಿದ್ದರೆ ಕದ್ದ ಬಂಗಾರವೋ ಏನೋ ಎಂದುಕೊಳ್ಳಬೇಕಿತ್ತು.

ಗರಿಹುಳ ಕಟ್ಟುವುದು ನಾಸಿರನ ಹುಚ್ಚು. ಗಾಳದ ಕೊಕ್ಕೆಗೆ ಎರೆಹುಳದ ಬದಲು ಗರಿ, ನೂಲು ಸುತ್ತಿ, ಥೇಟ್ ಹಾರುವ ಹುಳದಂತೆ ಮಾಡಿ ನೀರಿನ ಮೇಲೆ ಬಿಟ್ಟರೆ ಅಂಗೈಯಗಲದ ಹೊಳೆಮೀನು ಮೋಸಹೋಗಿ ಬಾಯಿ ಹಾಕುತ್ತದೆ ಎಂದು ಅವನು ಮೊಬೈಲಿನಲ್ಲಿ ನೋಡಿದ್ದ. ನೇತ್ರಾವತಿಯ ಮೀನುಗಳು ಮೊಬೈಲ್ ನೋಡಿರಲಿಲ್ಲವಾದ್ದರಿಂದ ಈವರೆಗೆ ಒಂದೂ ಬಾಯಿ ಹಾಕಿರಲಿಲ್ಲ. ಅವನ ಹುಳಗಳು ಸತ್ತ ಜಿರಳೆಯ ಹಾಗಿವೆ ಎಂದು ಹೆಂಡತಿ ಖದೀಜ ಎದುರಿಗೇ ಹೇಳುತ್ತಿದ್ದಳು. ಆ ದಿನ ಬೆಳಿಗ್ಗೆಯಂತೂ ಕಡ್ಡಿ ಮುರಿದಂತೆ ಹೇಳಿಬಿಟ್ಟಳು. ಸೌದಿಯ ದಮ್ಮಾಮಿನಿಂದ ರಜೆಗೆ ಬಂದ ಅವಳ ತಮ್ಮ ಇಮ್ತಿಯಾಝ್ ಗಾಳ ಹಿಡಿದು ಹೊಳೆಗೆ ಹೊರಟಿದ್ದ. ಅಂಗಡಿ ಮುಗಿಸಿ ಗಂಡನೂ ಹೋಗಲಿ.

"ಇವತ್ತು ನಿಮ್ಮ ಹುಳಕ್ಕೆ ಒಂದು ಮೀನಾದ್ರೂ ಬಾಯಿ ಹಾಕಿದ್ರೆ ಸರಿ. ಇಲ್ಲದಿದ್ರೆ ಆ ಗರಿಯ ಡಬ್ಬ ಈ ಮನೆಯಲ್ಲಿ ಇರುದಿಲ್ಲ" ಎಂದಳು.

ಆ ಡಬ್ಬವೆಂದರೆ ನಾಸಿರನ ಪ್ರಾಣ. ಕೊಕ್ಕರೆಯ ಗರಿ, ನವಿರು ನೂಲು, ಜರಿಯ ಚೂರು, ಕಟ್ಟಿ ಸೋತ ಹುಳಗಳು, ಎಲ್ಲ ಅದರಲ್ಲಿದ್ದವು. ಆದ್ದರಿಂದ ಅಂಗಡಿ ತೆರೆದವನೇ ಹೊಲಿಗೆ ಮಿಷನ್ನಿನ ಸೂಜಿಯ ಪಕ್ಕದ, ಬಟ್ಟೆ ಒತ್ತಿಹಿಡಿಯುವ ಕಾಲನ್ನು ಇಳಿಸಿ, ಅದರಡಿ ಕೊಕ್ಕೆಯನ್ನು ಅಲುಗಾಡದಂತೆ ಹಿಡಿಸಿ, ಉಸಿರು ಬಿಗಿಹಿಡಿದು ಕೆಲಸಕ್ಕೆ ಕೂತ. ಮೈಗೆ ಕೆಂಪು ರೇಷ್ಮೆ ನೂಲು, ಹೊಟ್ಟೆಗೆ ಒಂದೆಳೆ ಜರಿ, ರೆಕ್ಕೆಗೆ ಮುಂಡಪ್ಪನ ಹುಂಜ. ಮೀಸೆಗೆ ಖದೀಜಳ ಬಾಚಣಿಗೆಯಿಂದ ತಂದ ಕೂದಲು. ಕಟ್ಟಿ ಮುಗಿಸಿ ನೋಡಿದರೆ, ಅಲ್ಲಾಹ್, ಎಲ್ಲಿ ಹಾರಿಹೋಗುತ್ತದೋ ಎಂದು ಅವನಿಗೇ ಹೆದರಿಕೆಯಾಯಿತು. ಸಂಜೆಗಿರಲಿ ಎಂದು ಪಕ್ಕದಲ್ಲಿದ್ದ ಬಟ್ಟೆಗೆ ಸಿಕ್ಕಿಸಿಟ್ಟ.

ಅಷ್ಟರಲ್ಲಿ ಫೋನು. ಅದೇ ಓಣಿಯ ದಿನಸಿ ಅಂಗಡಿ ಶಾಂತಿರಾಜರ ಹೆಂಡತಿ ವಿಮಲಕ್ಕನಿಗೆ ಮೂಡುಬಿದಿರೆಯ ಮದುವೆಗೆ ರವಕೆ ಈಗಲೇ ಬೇಕಂತೆ. ನಾಸಿರ್ ಗಡಿಬಿಡಿಯಲ್ಲಿ ಮಡಚಿ ಕೊಟ್ಟುಬಂದ. ಮರಳಿ ಬಂದು ನೋಡಿದರೆ ಹುಳ ಇಲ್ಲ. ಸಿಕ್ಕಿಸಿದ್ದು ಅದೇ ರವಕೆಗೆ ಎಂದು ನೆನಪಾದದ್ದೇ, ಅಳತೆಯ ಟೇಪು ಕುತ್ತಿಗೆಯಲ್ಲಿ ನೇತಾಡುತ್ತಿದ್ದಂತೆಯೇ ಓಡಿದ.

ಅಲ್ಲಿ ಆಗಲೇ ಜನ ಸೇರಿತ್ತು. ವಿಮಲಕ್ಕ ರವಕೆ ಬಿಡಿಸಿದಾಗ ಹುಳ ಮೇಜಿನ ಮೇಲೆ ಬಿದ್ದಿತ್ತು. ಜೈನರ ಮನೆ, ಹುಳ ಸಾಯಬಾರದಲ್ಲ. ಕಾಗದದ ಮೇಲೆ ಮೆಲ್ಲನೆ ಹತ್ತಿಸಿಕೊಂಡು ಹೊರಗೆ ಬಿಡಲು ಬಂದವಳು ಬೆಳಕಿನಲ್ಲಿ ನೂಲು ಕಂಡು ಕಾಗದವನ್ನು ಜಗಲಿಯ ಮೇಲೆ ಹಾಗೇ ಇಟ್ಟುಬಿಟ್ಟಿದ್ದಳು. ಇಂಥ ವಿಷಯದಲ್ಲಿ ಊರಿಗೇ ದೊಡ್ಡ ಪಂಡಿತನಾದ ಮುಂಡಪ್ಪ ರಿಕ್ಷಾ ನಿಲ್ಲಿಸಿ ಬಂದು ಬಗ್ಗಿ ನೋಡುತ್ತಿದ್ದ.

"ಗರಿ, ಕೂದಲು, ಕೆಂಪು ನೂಲು, ಕಬ್ಬಿಣ. ಇನ್ನು ಕೇಳ್ಲಿಕ್ಕೆ ಎಂಥ ಉಂಟು? ಮಾಟವೇ" ಎಂದ. ಆಮೇಲೆ ಸ್ವರ ತಗ್ಗಿಸಿ, "ಆದ್ರೂ ಕಟ್ಟಿದವನ ಕೈಗೆ ಕೈಮುಗಿಬೇಕು ಮಾರಾಯ್ರೆ. ನೂಲು ಎಲ್ಲಿ ಮುಗಿದದ್ದು ಅಂತ್ಲೇ ಗೊತ್ತಾಗುದಿಲ್ಲ" ಎಂದ.

ನನ್ನದು ಎನ್ನಲು ತೆರೆದ ನಾಸಿರನ ಬಾಯಿ ಮುಚ್ಚಿಕೊಂಡಿತು. ರವಕೆಯಲ್ಲಿ ಇಂಥದ್ದು ಕಳಿಸುವ ಟೈಲರ್ ಎಂದಾದರೆ ನಾಳೆಯಿಂದ ಯಾವ ಹೆಂಗಸು ಅಂಗಡಿ ಮೆಟ್ಟಿಲು ಹತ್ತುತ್ತಾಳೆ? ಅದು ಒಂದು ಕಾರಣ. ನಿಜವಾದ ಕಾರಣ ಬೇರೆ. ಅವನ ಕೆಲಸವನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು, ಮತ್ತು ಅದು ಬೇಗ ಮುಗಿಯುವುದು ಅವನಿಗೆ ಬೇಡವಾಗಿತ್ತು. ಶಾಂತಿರಾಜರು ಕನ್ನಡಕ ತಂದು ನೋಡಿ, ರೆಕ್ಕೆಯ ಬಣ್ಣ ಬಿಸಿಲಿಗೆ ಬದಲಾಗುತ್ತದೆ, ಇದು ಸಾಮಾನ್ಯರ ಕೈಯಲ್ಲಿ ಆಗುವಂಥದ್ದಲ್ಲ ಎಂದರು. ಗರಿಯೂ ಯಾವುದೋ ಭಾರೀ ಜಾತಿಯ ಹುಂಜದ್ದು ಎಂದು ಮುಂಡಪ್ಪ ತಲೆದೂಗಿದ.

"ಹೊಟ್ಟೆಯ ಬದಿಯೂ ಒಮ್ಮೆ ನೋಡಿ" ಎಂದ ನಾಸಿರ್, ತಡೆಯಲಾರದೆ.

ಎಲ್ಲರೂ ನೋಡಿದರು. ಜರಿ ಕಂಡು ಇನ್ನಷ್ಟು ಹೆದರಿದರು.

ಮನೆಯವರಲ್ಲದವರು ಯಾರಾದರೂ ಇದನ್ನು ಹರಿಯುವ ನೀರಿಗೆ ಬಿಟ್ಟು, ಹಿಂದಿರುಗಿ ನೋಡದೆ ಬರಬೇಕು ಎಂದು ಮುಂಡಪ್ಪ ತೀರ್ಪು ಕೊಟ್ಟ. ನಾನು ಹೋಗುತ್ತೇನೆ ಎಂದು ನಾಸಿರ್ ಮುನ್ನುಗ್ಗಿದ. ಹೊಳೆಗೆ ಹೋಗುವುದು, ಭಾವಮೈದುನನ ಗಾಳ ಇಸಿದುಕೊಳ್ಳುವುದು, ಅದಕ್ಕೆ ಹುಳ ಕಟ್ಟುವುದು, ಮೀನು ಹಿಡಿಯುವುದು, ಇದು ಅವನ ಲೆಕ್ಕ. ಆದರೆ ಅವನ ಧೈರ್ಯಕ್ಕೆ ಮೆಚ್ಚಿ ಅರ್ಧ ಓಣಿಯೇ ಹಿಂದೆ ಬಂತು. ಸೇತುವೆಯ ಕೆಳಗೆ ಕೂತಿದ್ದ ಇಮ್ತಿಯಾಝ್ ದೂರದಿಂದ ಕೈಬೀಸಿದ. ಬೇರೆ ದಾರಿಯಿಲ್ಲದೆ ನಾಸಿರ್ ತನ್ನ ಜನ್ಮದ ಅತ್ಯಂತ ಚಂದದ ಹುಳವನ್ನು ನೀರಿಗೆಸೆದ. ಎಲ್ಲರೂ ಬೆನ್ನು ತಿರುಗಿಸಿದರು.

ಹಿಂದಿನಿಂದ 'ಗುಳುಂ' ಎಂದಿತು.

ನಾಸಿರ್ ತಿರುಗಿ ನೋಡಿಯೇಬಿಟ್ಟ. ನೀರಿನ ಮೇಲೆ ದುಂಡಗಿನ ಅಲೆ ಮಾತ್ರ ಇತ್ತು, ಹುಳ ಇರಲಿಲ್ಲ. ಮೀನು ಬಾಯಿ ಹಾಕಿತ್ತು. ಖುಷಿಗೆ ಅವನ ಕಣ್ಣು ತುಂಬಿತು, ಅರ್ಧ ಓಣಿಯೇ ಜೊತೆಗಿದ್ದರೂ ಹೇಳಿಕೊಳ್ಳಲು ಮಾತ್ರ ಒಂದು ನರಪಿಳ್ಳೆಯೂ ಇರಲಿಲ್ಲ.

ಸಂಜೆ ಇಮ್ತಿಯಾಝ್ ಎರೆಹುಳಕ್ಕೆ ಬಿದ್ದ ಒಂದು ದಪ್ಪ ಮೀನು ತಂದ. ಖದೀಜ ಗಂಡನ ಖಾಲಿ ಕೈ ನೋಡಿ, ಡಬ್ಬ ತಂದಿಡಿ ಎಂದು ಹೇಳಿ ಮೀನು ಸೀಳಲು ಕೂತಳು. ಒಳಗೆ ಏನೋ ಮಿನುಗಿತು. ತೊಳೆದು ನೋಡಿದರೆ ಕೆಂಪು ನೂಲು, ಜರಿ, ರೆಕ್ಕೆ. ಹೊಟ್ಟೆಬಾಕ ಮೀನು ಬೆಳಿಗ್ಗೆ ಹುಳ ನುಂಗಿ, ಸಾಲದೆ ಎರೆಹುಳಕ್ಕೂ ಬಾಯಿ ಹಾಕಿತ್ತು.

"ನಂದು! ನಾನು ಕಟ್ಟಿದ್ದು!" ಎಂದು ನಾಸಿರ್ ಕುಣಿದುಬಿಟ್ಟ.

ಖದೀಜ ಅದನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. ಅವಳ ಮುಖ ಅರಳಿತ್ತು. "ಎಂಥ ಚಂದ ಉಂಟು. ಸುಮ್ಮನೆ ಸುಳ್ಳು ಹೇಳ್ಬೇಡಿ, ಇದು ನಿಮ್ಮ ಕೈಯಲ್ಲಿ ಆಗುವಂಥದ್ದಲ್ಲ" ಎಂದಳು.

"ನಂಬುದಿಲ್ವಾ? ಆ ಮೀಸೆ ನೋಡು. ಅದು ನಿನ್ನದೇ ಕೂದಲು."

ಅಲ್ಲಿಗೆ ಕೆಟ್ಟಿತು. ವಿಮಲಕ್ಕನ ಮನೆಯಲ್ಲಿ ಕೂದಲು ಸುತ್ತಿದ ಮಾಟ ಸಿಕ್ಕಿದ ಸುದ್ದಿ ಅವಳ ಕಿವಿಗೂ ಬಿದ್ದಿತ್ತು. ಖದೀಜ ಹುಳವನ್ನು ಕೈಬಿಟ್ಟು, ತಲೆ ಮುಟ್ಟಿ ನೋಡಿಕೊಂಡು, ಮುಂಡಪ್ಪನನ್ನು ಕರೆಯಲು ತಮ್ಮನನ್ನು ಓಡಿಸಿದಳು. ಬಂದ ಮುಂಡಪ್ಪನಿಗೂ ನಾಸಿರ್ ಮೊದಲಿಂದ ಕೊನೆಯವರೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಹೆಂಡತಿಯ ಹೆದರಿಕೆ ಕಳೆಯಲು ಪಾಪದ ಮನುಷ್ಯ ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಳ್ಳುತ್ತಿದ್ದಾನೆ ಎಂದುಕೊಂಡು ಮುಂಡಪ್ಪನಿಗೆ ಅವನ ಮೇಲೆ ಗೌರವವೇ ಹುಟ್ಟಿತು.

"ಬಿಟ್ಟದ್ದು ತಿರುಗಿ ಬಂದಿದೆ ನಾಸಿರಾಕ. ನೀವು ಹಿಂದೆ ನೋಡಿದ್ರಾ?"

ಸುಳ್ಳು ಹೇಳಲು ನಾಸಿರನಿಗೆ ಬಾಯಿ ಬರಲಿಲ್ಲ. "ನೋಡಿದೆ" ಎಂದ.

"ಹಾಗಾದ್ರೆ ಮತ್ತೆ ಬಿಡುವ. ಗರಿ, ನೂಲು ಅಂತ ಮನೆಯಲ್ಲಿ ಎಂಥ ಉಂಟೋ ಎಲ್ಲ ಒಟ್ಟಿಗೆ."

ಕತ್ತಲಾಗುವ ಮೊದಲೇ ಮುಂಡಪ್ಪನ ರಿಕ್ಷಾದಲ್ಲಿ, ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ನಾಸಿರ್ ಹೊಳೆಗೆ ಹೋದ. ಮುಚ್ಚಳ ತೆಗೆದು ಎಲ್ಲವನ್ನೂ ನೀರಿಗೆ ಸುರಿದ. ಬೆನ್ನು ತಿರುಗಿಸಿದ ಕೂಡಲೇ ಮುಂಡಪ್ಪ ಅವನ ಕುತ್ತಿಗೆಯನ್ನು ಹೊರಳದಂತೆ ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡ.

ಹಿಂದಿನಿಂದ ಗುಳುಂ ಎಂದಿತು. ಮತ್ತೊಂದು ಗುಳುಂ. ಆಮೇಲೆ ಎಣಿಸಲಾಗದಷ್ಟು. ಸತ್ತ ಜಿರಳೆಯ ಹಾಗಿದ್ದವುಗಳಿಗೂ ಮೀನು ಬಾಯಿ ಹಾಕುತ್ತಿತ್ತು. ನಾಸಿರ್ ಈ ಸಲ ಹಿಂದಿರುಗಿ ನೋಡಲಿಲ್ಲ.